ತವರಿನ ಪೆಟ್ರೋಲು

ಮನೆಗೆ ಸುಣ್ಣ ಬಳಿಸಬೇಕೆಂದು ಅಟ್ಟದ ಸಾಮಾನು ಇಳಿಸುತ್ತಿದ್ದಾಗ ಒಂದು ತಗಡಿನ ಲಾಳಿಕೆ ಸಿಕ್ಕಿತು. ಮೇಲೆ ಅಗಲವಾದ ಬಾಯಿ, ಕೆಳಗೆ ಸಣ್ಣ ಕೊಳವೆ, ನಡುವೆ ಹಿತ್ತಾಳೆಯ ಜಾಲರಿ. ನನ್ನ ಹೆಂಡತಿ ಅದನ್ನು ಎತ್ತಿಕೊಂಡು, ಡಬ್ಬಿಯಿಂದ ಎಣ್ಣೆ ಬಗ್ಗಿಸುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದಿರಿ ಅಂದಳು. ಅದು ಅಡಿಗೆಯದಲ್ಲ, ಪೆಟ್ರೋಲಿನದು ಅಂದೆ. ಅವಳು ಮೂಸಿ ನೋಡಿ, ಶೇಂಗಾ ಎಣ್ಣೆಯ ವಾಸನೆ ಅಂದಳು. ನಾನೂ ಮೂಸಿದೆ. ನನಗೆ ಪೆಟ್ರೋಲಿನ ವಾಸನೆಯೇ ಬಂತು. ನಿಜಲಿಂಗಪ್ಪ ಬಡಾವಣೆಯ ನಮ್ಮ ಪಡಸಾಲೆಯಲ್ಲಿ ಇಬ್ಬರು ವಯಸ್ಸಾದವರು ತುಕ್ಕು ಹಿಡಿದ ಲಾಳಿಕೆಯೊಂದನ್ನು ಸಂಪಿಗೆ ಹೂವಿನಂತೆ ಕೈಯಿಂದ ಕೈಗೆ ಕೊಟ್ಟುಕೊಂಡು ಮೂಸುತ್ತ ಕುಳಿತದ್ದನ್ನು ಸುಣ್ಣ ಬಳಿಯುವವರು ನೋಡಿದರು. ಕುಂಚ ಕೆಳಗಿಟ್ಟು ಇನ್ನಷ್ಟು ನೋಡಿದರು. ಅವರು ದಿನಗೂಲಿಯ ಮೇಲೆ ಬಂದವರು.

ಆ ಲಾಳಿಕೆಯ ಕಥೆಯನ್ನು ನಾನು ಹಿಂದೆಯೂ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಚೆಂದವಾಗುತ್ತ ಬಂದಿದೆ. ಅದೇ ನನ್ನ ಅನುಮಾನ. ನಡೆದದ್ದು ಯಾವತ್ತೂ ಅಷ್ಟು ಚೆಂದ ಇರುವುದಿಲ್ಲ. ಅದಕ್ಕೇ ಈ ಸಲ ಚೆಂದ ಕಂಡ ಕಡೆಯಲ್ಲೆಲ್ಲ ನಿಲ್ಲಿಸಿ, ಹರಿಹರದಲ್ಲಿರುವ ಅಕ್ಕನನ್ನು ಫೋನಿನಲ್ಲಿ ಕೇಳಿ ಬರೆಯುತ್ತಿದ್ದೇನೆ. ಗಿರಿಜಕ್ಕನ ನೆನಪು ಗಟ್ಟಿ. ಗಟ್ಟಿ ಅಂದರೆ ಸರಿ ಅಂತಲ್ಲ, ಜಗ್ಗುವುದಿಲ್ಲ ಅಂತ.

ನಮ್ಮದು ದಾವಣಗೆರೆಯಲ್ಲಿ ಶೇಂಗಾ ಎಣ್ಣೆಯ ಸಣ್ಣ ಮಿಲ್ಲು. ಅಪ್ಪನಿಗೆ ಎಣ್ಣೆ ಪರೀಕ್ಷೆ ಮಾಡಲು ಅಂಗೈ ಒಂದೇ ಸಾಕಿತ್ತು. ಒಂದು ಹನಿ ಬಿಟ್ಟುಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಒಂದೇ ಪ್ರಶ್ನೆ: 'ಯಾವೂರ್ದು?' ಶೇಂಗಾ ಮಾಯಕೊಂಡದ ಕಡೆಯದಾದರೆ ಮುಖ ಸಡಿಲವಾಗುತ್ತಿತ್ತು. ಮೆಣಸಿನಕಾಯಿ, ಬೆಲ್ಲ, ಎತ್ತು, ಕಂಬಳಿ, ಅಳಿಯ, ಎಲ್ಲಕ್ಕೂ ಅದೇ ಪ್ರಶ್ನೆ. ಊರು ಗೊತ್ತಾದರೆ ಗುಣ ಗೊತ್ತಾಯಿತು. ಊರಿಲ್ಲದ ಸಾಮಾನು ಅಪ್ಪನ ಲೆಕ್ಕದಲ್ಲಿ ಸಾಮಾನೇ ಅಲ್ಲ. ಅವನ ಅಂಗೈಯಿಂದ ಶೇಂಗಾ ವಾಸನೆ ಹೋದದ್ದನ್ನು ನಾನು ಕಾಣೆ. ಹಬ್ಬದ ದಿನ ಎರೆದುಕೊಂಡು ವಿಭೂತಿ ಹಚ್ಚಿಕೊಂಡರೂ ಹಣೆಯಿಂದ ಶೇಂಗಾ ವಾಸನೆ ಬರುತ್ತಿತ್ತು.

ಈ ಪ್ರಶ್ನೆ ನನಗೂ ಅಂಟಿಕೊಂಡಿತ್ತು. ಶಾಲೆಗೆ ಸೇರಿದ ಹೊಸತರಲ್ಲಿ ಸೀಮೆ ಎಂಬುದೊಂದು ಊರು ಎಂದು ತಿಳಿದಿದ್ದೆ. ಬುಡ್ಡಿಗೆ ಹಾಕುವುದು ಸೀಮೆಎಣ್ಣೆ, ಮೇಷ್ಟ್ರು ಬರೆಯುವುದು ಸೀಮೆಸುಣ್ಣ, ಸಂತೆಯಲ್ಲಿ ಸೀಮೆಬದನೆ, ಸಾಹುಕಾರರ ಕೊಟ್ಟಿಗೆಯಲ್ಲಿ ಸೀಮೆಹಸು. ಇಷ್ಟೆಲ್ಲ ಬೆಳೆಯುವ ಊರು ದೊಡ್ಡದೇ ಇರಬೇಕು, ಪ್ರಾಯಶಃ ಹರಿಹರ ದಾಟಿದ ಮೇಲೆ ಬರುತ್ತದೆ ಎಂದು ನಂಬಿದ್ದೆ. ಅಲ್ಲಿಯ ಜನ ಬೆಳಿಗ್ಗೆ ಎದ್ದು ದಪ್ಪ ಹಸುಗಳ ಹಾಲು ಕರೆದು, ಗೋಡೆಯಿಂದ ಸುಣ್ಣ ಕಡ್ಡಿಕಡ್ಡಿಯಾಗಿ ಕಿತ್ತು, ಬಾವಿಯಿಂದ ಎಣ್ಣೆ ಸೇದುತ್ತಾರೆ. ಈ ಊರನ್ನು ನಾನು ಎಷ್ಟು ಸ್ಪಷ್ಟವಾಗಿ ಕಂಡಿದ್ದೆನೆಂದರೆ ಈಗಲೂ ಅದರ ಬೀದಿಗಳು ನನಗೆ ನೆನಪಿವೆ. ನೆನಪಿನ ಮೇಲೆ ನನಗೆ ನಂಬಿಕೆ ಹೋಗಲು ಇದೂ ಒಂದು ಕಾರಣ.

ಅಪ್ಪನಿಗೆ ಸೀಮೆಯ ಮೇಲೆ ಅಂಥ ವಿಶ್ವಾಸವಿರಲಿಲ್ಲ. ಲಡಾಯಿ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವಲ್ಲ, ಅದೇ ಅವನಿಗೆ ಸರಿ ಕಂಡದ್ದು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ. ಅದಕ್ಕೆ ಇದ್ದಿಲು ತುಂಬಿ ಗಾಳಿ ಹಾಕುತ್ತಿದ್ದರು. ಹರಿಹರ ಮುಟ್ಟುವುದರೊಳಗೆ ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ಆದರೂ ಇದ್ದಿಲು ಯಾವ ಗುಡ್ಡದ್ದೆಂದು ಕೇಳಿದರೆ ಡ್ರೈವರು ಹೇಳುತ್ತಿದ್ದ. ಅಪ್ಪ ತೃಪ್ತಿಯಿಂದ ತಳ್ಳುತ್ತಿದ್ದ.

ಕಾಲೇಜು ಮುಗಿಸಿ ಮಿಲ್ಲಿಗೆ ಕುಳಿತ ಮೇಲೆ ನಾನೊಂದು ಮೋಟಾರ್ ಸೈಕಲ್ ಕೊಂಡೆ. ಮಿಲಿಟರಿಯವರು ಹರಾಜು ಹಾಕಿದ್ದು, ಹುಬ್ಬಳ್ಳಿಯಲ್ಲಿ ಯಾರೋ ಕೊಂಡು, ಅಲ್ಲಿಂದ ನನ್ನ ಕೈಗೆ ಬಂದದ್ದು. ನಮ್ಮ ಕಡೆ ಅದನ್ನು ಫಟಫಟಿ ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಅಕ್ಕನಿಗೆ ಹರಿಹರಕ್ಕೆ ಮದುವೆಯಾಗಿತ್ತು. ಅವಳ ಮಾವ ರುದ್ರಪ್ಪನವರದು ಪಿ.ಬಿ. ರಸ್ತೆಯ ಮೇಲೆ ಪೆಟ್ರೋಲ್ ಬಂಕು, ಬಂಕಿನ ಹಿಂದೆಯೇ ಮನೆ. ಮದುವೆಯ ಮಾತುಕತೆಗೆ ಹೋದಾಗ ಅಪ್ಪ ಅವರನ್ನು ಕೇಳಿದ ಮೊದಲ ಪ್ರಶ್ನೆ ಹುಡುಗನ ಬಗ್ಗೆ ಆಗಿರಲಿಲ್ಲ. 'ಬೀಗರೆ, ಈ ಎಣ್ಣೆ ಯಾವೂರ್ದು?' ರುದ್ರಪ್ಪನವರು ಗತ್ತಿನ ಮನುಷ್ಯ. ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ. 'ನೆಲದಾಗಿಂದ ಬರ್ತೈತ್ರಿ. ಬಾವಿ ಇದ್ದಂಗೆ. ಸೆಲೆ ಇರ್ತೈತೆ, ತೆಗೆದಂಗೆಲ್ಲ ಊರ್ತೈತೆ,' ಅಂದರು. ಅಪ್ಪ ಬಂಕಿನ ಕಾಲಡಿಯ ನೆಲವನ್ನು ಬಹಳ ಹೊತ್ತು ನೋಡಿದ. ಹರಿಹರದಲ್ಲಿ ಹೊಳೆ ಇದೆ, ಸೆಲೆಯೂ ಇರಬಹುದು ಎಂದು ಅವನಿಗೆ ಅನ್ನಿಸಿರಬೇಕು. ಮದುವೆ ಗಟ್ಟಿಯಾಯಿತು.

ಆ ಕಾಲದ ಬಂಕು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಂಬದ ತುದಿಯಲ್ಲಿ ಎರಡು ಗಾಜಿನ ಭರಣಿ. ಕೈಯಿಂದ ಹಿಡಿಕೆ ಜಗ್ಗಿದರೆ ನೆಲದಡಿಯ ಪೆಟ್ರೋಲು ಒಂದು ಭರಣಿಗೆ ಏರುತ್ತಿತ್ತು. ಅದು ತುಂಬಿದ್ದು ಕಣ್ಣಿಗೆ ಕಂಡ ಮೇಲೆ ಕೆಳಗೆ ಬಿಡುತ್ತಿದ್ದರು, ಅಷ್ಟರಲ್ಲಿ ಇನ್ನೊಂದು ತುಂಬುತ್ತಿತ್ತು. ರುದ್ರಪ್ಪನವರ ಬಂಕಿನ ಪೆಟ್ರೋಲು ಕುಂಕುಮ ಕದಡಿದ ನೀರಿನಂತೆ ಕೆಂಪಗಿತ್ತು. ದಾವಣಗೆರೆಯಲ್ಲಿ ನಮ್ಮ ಮಿಲ್ಲಿನ ಹತ್ತಿರದ ಬಂಕು ಬೇರೆ ಕಂಪನಿಯದು; ಅದರದು ಎಳೆ ಹಳದಿ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ ಎಂದುಕೊಂಡಿದ್ದೆ. ಎರಡೂ ಒಂದೇ ಬಣ್ಣ ಇದ್ದವು, ದಾವಣಗೆರೆಯವರು ಗಾಜು ತೊಳೆಯುತ್ತಿರಲಿಲ್ಲ ಎನ್ನುತ್ತಾಳೆ ಅಕ್ಕ.

ಫಟಫಟಿ ಬಂದ ದಿನ ಅಪ್ಪ ಒಂದು ಹನಿ ಪೆಟ್ರೋಲನ್ನು ಅಂಗೈಗೆ ಬಿಡಿಸಿಕೊಂಡ. ಹೆಬ್ಬೆರಳು ಇಡುವಷ್ಟರಲ್ಲಿ ಅದು ಆರಿಹೋಯಿತು. ಇನ್ನೊಂದು ಹನಿ ಬಿಡಿಸಿಕೊಂಡ. ಅದೂ ಹೋಯಿತು. ಅಂಗೈ ತಣ್ಣಗಾಯಿತು, ಉಜ್ಜಲು ಏನೂ ಉಳಿಯಲಿಲ್ಲ. 'ಕೈಯಾಗೆ ನಿಲ್ಲಂಗಿಲ್ಲ ಅಂದ್ಮ್ಯಾಲೆ ಇದು ಎಣ್ಣೆ ಹೆಂಗಾಗ್ತೈತೆ?' ಅಂದ. ಆಮೇಲೆ ಆ ಗಾಡಿಯ ಹತ್ತಿರ ಸುಳಿಯಲಿಲ್ಲ. ಅದಕ್ಕೆ ಏನು ಹಾಕುತ್ತೀಯೆಂದೂ ಕೇಳಲಿಲ್ಲ. ಬೀಗರ ಬಂಕು ಇರುವಾಗ ಕೇಳುವುದೇನಿದೆ? ನಮ್ಮಲ್ಲಿ ಬೀಗರಿಗೆ ಅಂಗಡಿಯಿದ್ದರೆ ಬೇರೆ ಕಡೆ ಕೊಳ್ಳುವುದೆಂದರೆ ಬೀಗರ ಮನೆಯಲ್ಲಿ ಎಲೆ ಹಾಕಿದಾಗ ಎದ್ದು ಖಾನಾವಳಿಗೆ ಹೋದ ಹಾಗೆ.

ನಾನು ಖಾನಾವಳಿಗೇ ಹೋಗುತ್ತಿದ್ದೆ. ಹರಿಹರದ ಪೆಟ್ರೋಲು ಹಾಕಿದರೆ ಇಂಜಿನ್ ಏರಿನಲ್ಲಿ ಕಟಕಟ ಅನ್ನುತ್ತದೆ, ದಾವಣಗೆರೆಯದು ಹಾಕಿದರೆ ಅನ್ನುವುದಿಲ್ಲ ಎಂದು ಸ್ನೇಹಿತರಿಗೆ ಹೇಳಿಕೊಂಡಿದ್ದೆ. ಅವರು ಗೌರವದಿಂದ ಕೇಳಿದರು. ದಾವಣಗೆರೆಯಿಂದ ಹರಿಹರದವರೆಗೆ ಏರು ಅನ್ನುವಂಥ ಏರು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ದಾವಣಗೆರೆಯ ಬಂಕಿನ ಪಕ್ಕದಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ ಇತ್ತು. ಪೆಟ್ರೋಲಿನ ಆಯ್ಕೆಯಲ್ಲಿ ಮಂಡಕ್ಕಿಯ ಪಾತ್ರ ಎಷ್ಟೆಂದು ಈಗ ಬಿಡಿಸಿ ಹೇಳುವುದು ಕಷ್ಟ.

ಆದರೂ ಅಪ್ಪನ ಮಗ. ಬಜ್ಜಿ ತಿನ್ನುತ್ತ ಬಂಕಿನವನನ್ನು ಇದು ಯಾವೂರಿನದು ಎಂದು ಕೇಳಿದೆ. ರೈಲ್ವೆ ಸ್ಟೇಷನ್ನಿಂದ ಬರುತ್ತದೆ ಅಂದ. ಸ್ಟೇಷನ್ನಿನ ಗೂಡ್ಸ್ ಗುಮಾಸ್ತರು ಹುಬ್ಬಳ್ಳಿಯಿಂದ ಅಂದರು. ಶೇಂಗಾ ಹಿಂಡಿ ಮಾರಲು ಹುಬ್ಬಳ್ಳಿಗೆ ಹೋದಾಗ ಕೇಳಿದರೆ ಮುಂಬಯಿ ಅಂದರು. ಮುಂಬಯಿಯಿಂದ ಬಂದ ಅರಳೆ ದಲಾಲರು ಹಡಗಿನಿಂದ ಅಂದರು. ಎಲ್ಲರಿಗೂ ತಮ್ಮ ಹಿಂದಿನ ಒಂದು ಊರು ಗೊತ್ತಿತ್ತು, ಅದರ ಹಿಂದಿನದು ಗೊತ್ತಿರಲಿಲ್ಲ. ಹಡಗಿನ ಆಚೆ ಏನಿದೆಯೆಂದು ನಾನು ಕೇಳಲು ಹೋಗಲಿಲ್ಲ. ಅಲ್ಲಿ ಸೀಮೆ ಇತ್ತು.

ಇನ್ನು ಪಂಚಮಿಗೆ ಬರಬೇಕು. ನಮ್ಮ ಕಡೆ ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ತಾವಾಗಿ ಬರುವಂತಿಲ್ಲ, ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಮದುವೆಯಾದ ಮೇಲೆ ಅಕ್ಕ ಪಂಚಮಿಗೆ ಬಂದೇ ಇರಲಿಲ್ಲ. ಒಂದು ಸಲ ಅತ್ತೆಗೆ ಜ್ವರ. ಮುಂದಿನ ಸಲ, ನೆಲದಡಿಯ ಟ್ಯಾಂಕು ಬದಲಿಸುತ್ತಿದ್ದಾರೆ, ಕೆಲಸದವರಿಗೆ ಅಡಿಗೆ ಆಗಬೇಕು ಅಂದರು. ಆ ಎರಡು ಹಬ್ಬದಲ್ಲೂ ಅವ್ವ ಜೋಕಾಲಿಯ ಹಗ್ಗವನ್ನು ತೊಲೆಗೆ ಕಟ್ಟಿಸಿ, ಯಾರನ್ನೂ ಕೂಡಲು ಬಿಡದೆ, ಮಾರನೆಯ ದಿನ ಬಿಚ್ಚಿಸಿಟ್ಟಿದ್ದಳು. ಈ ಸಲ ಬರದಿದ್ದರೆ ಹಗ್ಗವನ್ನು ಎತ್ತಿಗೆ ಕೊಟ್ಟುಬಿಡುತ್ತೇನೆ ಎಂದು ಅವ್ವ ಮೊದಲೇ ಹೇಳಿಬಿಟ್ಟಳು. ಹರಿಹರದಿಂದ ಅಕ್ಕನೂ ಹೇಳಿಕಳಿಸಿದ್ದಳು: ನೀನೇ ಬಾ, ಬಸ್ಸು ಬ್ಯಾಡ, ಫಟಫಟಿಯ ಮ್ಯಾಲೆ ಬರ್ತೀನಿ.

ಹೊರಡುವ ದಿನ ನಾನು ಒಂದು ಜಾಣತನ ಮಾಡಿದೆ. ಹರಿಹರಕ್ಕೆ ಹೋದರೆ ರುದ್ರಪ್ಪನವರು ಪೆಟ್ರೋಲು ಹಾಕಿಸಿಕೊಳ್ಳಿ ಎನ್ನುತ್ತಾರೆ, ಆಮೇಲೆ ಇಂಜಿನ್ ಕಟಕಟ ಅನ್ನುತ್ತದೆ. ಜಾಗವೇ ಇಲ್ಲದಿದ್ದರೆ ಮಾತೇ ಇಲ್ಲ. ಆದ್ದರಿಂದ ದಾವಣಗೆರೆಯಲ್ಲಿ ಟ್ಯಾಂಕು ಕಂಠಮಟ್ಟ ತುಂಬಿಸಿಕೊಂಡೆ. ಮಂಡಕ್ಕಿಯನ್ನೂ ತಿಂದೆ.

ರುದ್ರಪ್ಪನವರು ಬಂಕಿನ ಕಟ್ಟೆಯ ಮೇಲೆ ಕೂತಿದ್ದರು. 'ಬರ್ರಿ ತಮ್ಮಾ, ಕೂಡ್ರಿ,' ಅಂದರು. ಮಳೆ ಬೆಳೆ ಕೇಳಿದರು. ಕೇಳುತ್ತ ಕೇಳುತ್ತಲೇ ಎದ್ದು, ಅನ್ನ ಬೆಂದಿದೆಯೇ ಎಂದು ನೋಡುವವರಂತೆ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

'ಇದು ನಮ್ದಲ್ಲ,' ಅಂದರು.

ನಾನು ಏನೋ ಹೇಳಿದೆ. ಇಂಜಿನ್ ಆಯಿಲ್ ಬೆರೆತು ಬಣ್ಣ ಬದಲಾಗಿದೆ ಎಂದು ಹೇಳಿದ್ದಾಗಿ ನನಗೆ ನೆನಪು. ನೀನು ಏನೂ ಹೇಳಲಿಲ್ಲ, ನೆಲ ನೋಡುತ್ತಿದ್ದೆ ಎನ್ನುತ್ತಾಳೆ ಅಕ್ಕ, ಅವಳು ಕಿಟಕಿಯಲ್ಲಿದ್ದಳಂತೆ. ರುದ್ರಪ್ಪನವರು ಸಿಟ್ಟಿಗೇಳಲಿಲ್ಲ. ಮುಚ್ಚಳ ತಿರುಗಿಸಿ ಹಾಕಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಸೊಸೆಯನ್ನು ಕಳಿಸಲು ತಮ್ಮ ಅಭ್ಯಂತರವೇನೂ ಇಲ್ಲ, ಬಟ್ಟೆಬರೆ ಕಟ್ಟಿಕೊಂಡು ಸಿದ್ಧವಾಗಿಯೇ ಇದ್ದಾಳೆ ಅಂದರು. 'ಆದ್ರೆ ನಮ್ಮ ಮನೆ ಸೊಸೆ ನಮ್ಮ ಬಂಕಿನ ಮುಂದೇ ಬ್ಯಾರೆಯವರ ಪೆಟ್ರೋಲಿನ ಮ್ಯಾಲೆ ಹೋಗಂಗಿಲ್ಲ. ನಮ್ದು ಹಾಕಿಸ್ಕೊಂಡು ಕರ್ಕೊಂಡು ಹೋಗ್ರಿ.'

ಹಾಕಿಸಿಕೊಳ್ಳಲು ಟ್ಯಾಂಕಿನಲ್ಲಿ ಜಾಗವಿರಲಿಲ್ಲ. ಇದನ್ನು ಹೊರಗೆ ಬಗ್ಗಿಸಿಬಿಡೋಣ ಅಂದೆ. ಎಲ್ಲಿಗೆ ಅಂದರು. ಬಂಕಿನ ಟ್ಯಾಂಕಿಗೆ ಬಿಟ್ಟರೆ ಕಲಬೆರಕೆಯಾಗುತ್ತದೆ. ನೆಲಕ್ಕೆ ಬಿಟ್ಟರೆ ಯಾರಾದರೂ ಬೀಡಿ ಎಸೆಯುತ್ತಾರೆ. ಮನೆಯಲ್ಲಿ ಇಟ್ಟುಕೊಂಡರೆ, ಬಂಕಿನವರೇ ಬೇರೆ ಬಂಕಿನದು ತರಿಸುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ. ಎಲ್ಲವನ್ನೂ ಯೋಚಿಸಿ ಅವರು ಅಂದರು: 'ಓಡಿಸಿ ಖಾಲಿ ಮಾಡ್ಕೊಂಡು ಬರ್ರಿ.'

ನಾನು ಹೊರಟೆ. ಈಗ ಯೋಚಿಸಿದರೆ ಯಾಕೆ ಹೊರಟೆನೋ ತಿಳಿಯದು, ಆಗ ಅದು ನ್ಯಾಯವಾಗಿಯೇ ಕಂಡಿತು. ಪಕ್ಕದ ಹಳ್ಳಿ ಗುತ್ತೂರಿಗೆ ಹೋದೆ, ಬಂದೆ. ಹೊಳೆಯ ಸೇತುವೆ ದಾಟಿ ಹೋದೆ, ಬಂದೆ. ಮತ್ತೆ ಗುತ್ತೂರಿಗೆ ಹೋದೆ. ಗುತ್ತೂರಿನ ಕಟ್ಟೆಯ ಮೇಲಿದ್ದವರು ಮೊದಲ ಸಲ ನೋಡಿದರು, ಆಮೇಲೆ ಎದ್ದು ನಿಂತರು, ಆಮೇಲೆ ಒಬ್ಬರು ಕೈ ಅಡ್ಡ ಹಾಕಿ, ಯಾರನ್ನು ಹುಡುಕುತ್ತಿದ್ದೀರಿ, ನಾವು ತೋರಿಸುತ್ತೇವೆ ಅಂದರು. ಯಾರನ್ನೂ ಇಲ್ಲ, ಪೆಟ್ರೋಲು ಖಾಲಿ ಮಾಡುತ್ತಿದ್ದೇನೆ ಅಂದೆ. ಅವರು ದಾರಿ ಬಿಟ್ಟರು. ಫಟಫಟಿ ಅವತ್ತು ತುಂಬಾ ಚೆನ್ನಾಗಿ ಓಡಿತು, ಅಂದರೆ ಪೆಟ್ರೋಲನ್ನು ಬಹಳ ಕಡಿಮೆ ಕುಡಿಯಿತು. ಪ್ರತಿ ಸಲ ಬಂಕಿನ ಮುಂದೆ ಹಾದಾಗ ರುದ್ರಪ್ಪನವರು ಕಟ್ಟೆಯ ಮೇಲಿಂದ ತಲೆಯೆತ್ತಿ ನೋಡುತ್ತಿದ್ದರು. ನಾನು ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದೆ. ಅವರೂ ಮಾಡುತ್ತಿದ್ದರು.

ಬಿಸಿಲು ಇಳಿಯತೊಡಗಿತು. ಸಂಜೆಯಾದರೆ ಹೆಣ್ಣುಮಗಳನ್ನು ದಾರಿಗೆ ಬಿಡುವುದಿಲ್ಲ ಎನ್ನುತ್ತಾರೆ, ನಾಳೆ ಎನ್ನುತ್ತಾರೆ, ನಾಳೆ ಹಬ್ಬವೇ ಮುಗಿಯುತ್ತದೆ. ಮತ್ತೊಂದು ಸಲ ಗುತ್ತೂರಿನಿಂದ ಬರುವಾಗ ಅಕ್ಕ ಬಂಕಿನ ಕಂಬದ ಪಕ್ಕದಲ್ಲಿ ಗಂಟು ಹಿಡಿದು ನಿಂತಿದ್ದಳು. ಸೊಸೆಯಂದಿರು ಬಂಕಿನ ಮುಂಭಾಗಕ್ಕೆ ಬರುವ ಪದ್ಧತಿ ಇರಲಿಲ್ಲ. ಲಾರಿಯವರು ಇಬ್ಬರು ಅತ್ತ ಮುಖ ತಿರುಗಿಸಿ ನಿಂತಿದ್ದರು. ಅವಳು ತಲೆಯ ಮೇಲೆ ಸೆರಗು ಹೊದ್ದು, ಕಂಬಕ್ಕೆ ಹೇಳುವಂತೆ ಮಾವನಿಗೆ ಹೇಳುತ್ತಿದ್ದಳು.

'ಮಾವಾರೆ, ಕರ್ಕೊಂಡು ಹೋಗೋದು ತವರಿನವರ ಕೆಲಸ. ಹೋಗೋ ಖರ್ಚು ತವರಿನ್ದು. ನೀವು ನಿಮ್ಮ ಪೆಟ್ರೋಲ್ ಹಾಕಿ ಕಳಿಸಿದ್ರೆ, ರುದ್ರಪ್ಪಾರು ತಾವೇ ಪೆಟ್ರೋಲ್ ಹಾಕಿ ಸೊಸೆನ ತವರಿಗೆ ಅಟ್ಟಿದ್ರು ಅಂತಾರೆ ಮಂದಿ. ನೋಡ್ರಿ, ಲಾರಿಯವರು ನಿಂತಾರೆ.'

ರುದ್ರಪ್ಪನವರು ಲಾರಿಯವರನ್ನು ನೋಡಿದರು. ಭರಣಿಗಳನ್ನು ನೋಡಿದರು. ಅವರ ಕೈ ಹಿಡಿಕೆಯ ಮೇಲಿತ್ತು. ಅದನ್ನು ಮೆಲ್ಲಗೆ ತೆಗೆದರು.

'ಬರೋವಾಗ?' ಅಂದರು.

'ಬರೋವಾಗ ನಿಮ್ದು. ತವರಿನ್ದು ಮುಗಿದ ಮ್ಯಾಲೆ ನಿಮ್ದೇ ಹಾಕ್ಕೊಂಡು ಬರ್ತೀನಿ.'

ಇದು ಅವರದೇ ಪದ್ಧತಿ. ಒಂದು ಡಬ್ಬಿಗೆ ಪೆಟ್ರೋಲು ತುಂಬಿಸಿ ಬಿರಡೆ ಬಿಗಿದು ನನ್ನ ಕೈಗೆ ಕೊಟ್ಟರು. ಜೊತೆಗೆ ಈ ಲಾಳಿಕೆ. ಬರುವಾಗ ಇದರಲ್ಲಿ ಸೋಸಿ ಹಾಕಿ, ನಿಮ್ಮೂರಿನ ಕಸ ಒಳಗೆ ಹೋಗಬಾರದು ಅಂದರು. ಅಕ್ಕ ಫಟಫಟಿಯ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತು, ತೊಡೆಯ ಮೇಲೆ ಗಂಟು, ಗಂಟಿನ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಲಾಳಿಕೆ ಇಟ್ಟುಕೊಂಡಳು. ಊರು ದಾಟುವವರೆಗೆ ಸೆರಗು ತಲೆಯ ಮೇಲೆಯೇ ಇತ್ತು. ಊರು ದಾಟಿದ ಮೇಲೆ ಇನ್ನೂ ಜೋರಾಗಿ ಹೊಡಿ ಅಂದಳು. ಇಂಜಿನ್ ಕಟಕಟ ಅಂದಿತು. ಅದರಲ್ಲಿದ್ದದ್ದು ದಾವಣಗೆರೆಯ ಪೆಟ್ರೋಲು. ನಾನು ಕೇಳಿಸಿಕೊಳ್ಳಲಿಲ್ಲ.

ಅವ್ವ ಹಗ್ಗ ಎತ್ತಿಗೆ ಕೊಡಲಿಲ್ಲ. ಉಂಡಿ, ಜೋಳದ ಅಳ್ಳು, ಜೋಕಾಲಿ ಎಲ್ಲ ಆಯಿತು. ಅವೆಲ್ಲ ಎಲ್ಲರ ಮನೆಯಲ್ಲೂ ಆಗುವಂಥವು. ಹಬ್ಬ ಮುಗಿದ ಮೇಲೆ ಹರಿಹರದಿಂದ ಹೇಳಿಕಳಿಸಿದರು: ಯಾವಾಗ ಬರುತ್ತಾಳೆ? ತವರಿನದು ಇನ್ನೂ ಮುಗಿದಿಲ್ಲ ಎಂದು ಅಕ್ಕ ಹೇಳಿಕಳಿಸಿದಳು. ನಿಜವಾಗಿಯೂ ಮುಗಿದಿರಲಿಲ್ಲ. ನಾನು ದಿನವೂ ಮಿಲ್ಲಿಗೆ ಓಡಾಡಿದೆ, ಶೇಂಗಾ ನೋಡಲು ಮಾಯಕೊಂಡಕ್ಕೆ ಹೋಗಿಬಂದೆ. ಕಡ್ಡಿ ಅದ್ದಿ ನೋಡಿದರೆ ಟ್ಯಾಂಕು ತುಂಬಿಯೇ ಇರುತ್ತಿತ್ತು. ಗುತ್ತೂರಿಗೆ ಸುತ್ತು ಹೊಡೆದದ್ದರಿಂದ ಇಂಜಿನ್ ಪಳಗಿದೆ, ಈಗ ಪೆಟ್ರೋಲನ್ನು ಬರೀ ಮೂಸಿ ಓಡುತ್ತದೆ ಎಂದು ನಾನು ಗ್ಯಾರೇಜುಗಳಲ್ಲೆಲ್ಲ ಹೇಳಿಕೊಂಡು ಬಂದೆ. ಲಾಳಿಕೆಯನ್ನು ನಾನು ಹಿತ್ತಲ ಗೋಡೆಯ ಎತ್ತರದ ಮೊಳೆಗೆ ನೇತುಹಾಕಿದ್ದೆ. ಅದು ಬೆಳಿಗ್ಗೆ ಕೆಳಗಿನ ಮೊಳೆಯಲ್ಲಿ ಇರುತ್ತಿತ್ತು. ಅಪ್ಪ ಕುಳ್ಳ ಮನುಷ್ಯ. ಆದರೆ ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಕಥೆ ಹೇಳುತ್ತ ಹೇಳುತ್ತ ಮೊಳೆಗಳನ್ನು ಎರಡು ಮಾಡಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಗಣೇಶನ ಹಬ್ಬ ಹತ್ತಿರ ಬಂದಾಗ ರುದ್ರಪ್ಪನವರೇ ಬಸ್ಸಿನಲ್ಲಿ ಬಂದರು. ಕಾಲಿಗೆ ನೀರು ಕೊಟ್ಟೆವು. ಕಾಲು ತೊಳೆದವರು ಒಳಗೆ ಬರದೆ ನೇರವಾಗಿ ಫಟಫಟಿಯ ಹತ್ತಿರ ಹೋಗಿ ಮುಚ್ಚಳ ತೆಗೆದರು. ಪೆಟ್ರೋಲು ಕಂಠಮಟ್ಟ ಇತ್ತು. ಅವರು ಕೊಟ್ಟ ಡಬ್ಬಿ ಬಿರಡೆ ಬಿಚ್ಚದೆ ಪಕ್ಕದಲ್ಲೇ ಕೂತಿತ್ತು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವ್ವ ಅವಳ ಹಿಂದೆ.

'ಬೀಗರೆ,' ಅಂದರು ರುದ್ರಪ್ಪನವರು, 'ಇಷ್ಟು ದಿನ ಓಡಿಸಿದ್ರೂ ತುಂಬೇ ಐತಲ್ರಿ. ಇದು ಹೆಂಗೆ?'

ಅಪ್ಪ ಮಿಲ್ಲಿನಿಂದ ಆಗಷ್ಟೇ ಬಂದಿದ್ದ. ಜಿಡ್ಡಿನ ಕೈಗಳನ್ನು ಮುಂದೆ ಹಿಡಿದುಕೊಂಡೇ ಉತ್ತರ ಕೊಟ್ಟ.

'ನೆಲದಾಗಿಂದ ಬರೋದಲ್ಲೇನ್ರಿ. ಸೆಲೆ ಇರ್ತೈತೆ, ತೆಗೆದಂಗೆಲ್ಲ ಊರ್ತೈತೆ ಅಂತ ನೀವೇ ಹೇಳಿದ್ರಿ.'

ರುದ್ರಪ್ಪನವರು ಕೈಯಲ್ಲಿದ್ದ ಮುಚ್ಚಳವನ್ನು ಒಂದು ಸಲ ಮೂಸಿದರು. ಅಪ್ಪನ ಕೈಗಳನ್ನು ನೋಡಿದರು. ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ, ಗೊತ್ತಾಯಿತೆಂದೂ ಹೇಳಲಿಲ್ಲ. ಮುಚ್ಚಳ ಹಾಕಿದರು. ಒಳಗೆ ಬಂದು ಊಟ ಮಾಡಿದರು, ಶೇಂಗಾ ಉಂಡಿಯನ್ನು ಇನ್ನೊಂದು ಹಾಕಿಸಿಕೊಂಡರು. ಮೂರು ಗಂಟೆಯ ಬಸ್ಸಿಗೆ ಒಬ್ಬರೇ ಹೊರಟರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ಯಾರ ಮುಖವನ್ನೂ ನೋಡದೆ, 'ಖಾಲಿ ಆದ ಮ್ಯಾಲೆ ಕಳಿಸ್ರಿ,' ಅಂದರು.

ಅಕ್ಕ ಯಾವತ್ತು ಹೋದಳೋ ನನಗೆ ನೆನಪಿಲ್ಲ. ಹೋದದ್ದಂತೂ ನಿಜ, ಈಗಲೂ ಅಲ್ಲಿಂದಲೇ ಫೋನಿನಲ್ಲಿ ಮಾತಾಡುತ್ತಾಳೆ. ಟ್ಯಾಂಕಿಗೆ ಪೆಟ್ರೋಲು ಹಾಕುತ್ತಿದ್ದದ್ದು ಯಾರು ಎಂದು ಮೊನ್ನೆ ಕೇಳಿದೆ. ಕೈಯಲ್ಲಿ ನಿಲ್ಲದ್ದನ್ನು ಎಣ್ಣೆಯೇ ಅಲ್ಲ ಅಂದವನು ದಿನವೂ ಬಂಕಿಗೆ ಹೋಗಿ ತರುತ್ತಿದ್ದ ಎನ್ನುವುದನ್ನು ನಾನು ಹೇಗೆ ನಂಬಲಿ ಎಂದೂ ಕೇಳಿದೆ. ಅದಕ್ಕೆ ಅಕ್ಕ, ಆ ಲಾಳಿಕೆ ಏನು ವಾಸನೆ ಬರುತ್ತದೆ ಎಂದು ಕೇಳಿದಳು. ಪೆಟ್ರೋಲು ಅಂದೆ. ನಿನ್ನ ಮೂಗು ಬ್ಯಾಡ, ನಿನ್ನ ಹೆಂಡತಿಗೆ ಕೊಡು ಅಂದಳು.

ವೈದ್ಯರು ಬೇಡ ಅಂದ ಮೇಲೆ ನಮ್ಮ ಮನೆಯಲ್ಲಿ ಶೇಂಗಾ ಎಣ್ಣೆ ನಿಂತು ಬಹಳ ಕಾಲವಾಯಿತು, ಈಗ ಸೂರ್ಯಕಾಂತಿ. ಇಷ್ಟು ವರ್ಷ ಯಾವ ವಾಸನೆಯೂ ತಗಡಿನಲ್ಲಿ ನಿಲ್ಲುವುದಿಲ್ಲ ಎಂಬುದೂ ನನಗೆ ಗೊತ್ತು. ಫೋನಿಟ್ಟು ಹಿತ್ತಲಿಗೆ ಹೋದರೆ ಹೆಂಡತಿ ಲಾಳಿಕೆಯನ್ನು ಕಲ್ಲಿನ ಮೇಲಿಟ್ಟುಕೊಂಡು, ಸೀಗೆಪುಡಿ ಹಿಡಿದು, ತೊಳೆಯಲು ಕುಳಿತಿದ್ದಳು. ಬ್ಯಾಡ ಅಂದೆ. ಯಾಕ ಅಂದಳು.

ಇನ್ನೂ ಖಾಲಿ ಆಗಿಲ್ಲ ಅಂದೆ.